ಎಸ್ಟಿಮೇಟ್ ಮಧ್ಯದಲ್ಲಿ ಬದಲಾದ್ರೆ ಏನು ಅಂತ ಅಗ್ರಿಮೆಂಟಲ್ಲೇ ಬರೆಸ್ಕೊಳ್ಳಿ

ಫ್ರೆಂಡ್ಸ್, ಕಟ್ಟಡ ಕೆಲಸದ ಕಾಂಟ್ರಾಕ್ಟ್‌ಗೆ ಸೈನ್ ಹಾಕೋ ಮುಂಚೆ ಇದೊಂದು ನೋಡ್ಕೊಳ್ಳಿ. ಮೊದಲು ಕೊಡೋ ಎಸ್ಟಿಮೇಟ್ ಬರೀ ಅಂದಾಜು, ಡಿಸೈನ್ ಪೂರ್ತಿ ಆದ್ಮೇಲೆ ಒಂದ್ಸಲ, ಪಾಯ ಅಗೆದು ಮಣ್ಣು ಹೇಗಿದೆ ಅಂತ ಗೊತ್ತಾದ್ಮೇಲೆ ಇನ್ನೊಂದ್ಸಲ ಲೆಕ್ಕ ಬದಲಾಗಬಹುದು, ಅದಕ್ಕೇ ಯಾವ್ಯಾವ ಹಂತದಲ್ಲಿ ರಿವೈಸ್ ಮಾಡ್ಬೇಕು, ಯಾರು ಒಪ್ಪಿಗೆ ಕೊಡ್ಬೇಕು ಅನ್ನೋದು ಅಗ್ರಿಮೆಂಟಲ್ಲಿ ಇರ್ಲೇಬೇಕು.

ಮುಖ್ಯವಾಗಿ ಒಂದು ಮಿತಿ ಹಾಕಿಸಿ. ಖರ್ಚು ಎಸ್ಟಿಮೇಟ್ ಮೇಲೆ 10% ಗಿಂತ ಜಾಸ್ತಿ ಆಗೋ ಹಾಗೆ ಕಂಡ್ರೆ ಆ ಕೆಲಸ ಶುರು ಮಾಡೋ ಮೊದಲೇ ಬರವಣಿಗೆಯಲ್ಲಿ ತಿಳಿಸ್ಬೇಕು, ಸಹಿ ಆಗದೆ ಮುಂದುವರಿದ್ರೆ ಹೆಚ್ಚಿನ ದುಡ್ಡು ಕೇಳೋ ಹಾಗಿಲ್ಲ, ಅಂತ. ಕಾಂಟ್ರಾಕ್ಟರ್‌ಗೂ ಇದು ಒಳ್ಳೇದೇ, ಕೊನೇ ಬಿಲ್ ಹೊತ್ತಿಗೆ ಜಗಳ ಕಮ್ಮಿ. ಐಟಂ ರೇಟ್ ಪಟ್ಟಿನೂ ಜೊತೆಗೆ ಲಗತ್ತಿಸಿ, ಆಗ ಕಾಂಕ್ರೀಟ್ ಜಾಸ್ತಿ ಹಿಡಿದ್ರೂ ಅಳತೆ ಮಾಡಿ ಮೊದಲೇ ಒಪ್ಪಿರೋ ರೇಟಿಂದ ಗುಣಿಸಿದ್ರೆ ಆಯ್ತು.

ನೋಟಿಸ್ ಕೊಡೋಕೆ ಎಷ್ಟು ದಿನ ಅಂತಾನೂ ಬರೀರಿ. ದೊಡ್ಡ ಕಾಮಗಾರಿಗಳಲ್ಲಿ ಬಳಸೋ ಫಿಡಿಕ್ (ಕನ್ಸಲ್ಟಿಂಗ್ ಎಂಜಿನಿಯರ್‌ಗಳ ಅಂತರರಾಷ್ಟ್ರೀಯ ಒಕ್ಕೂಟ) 1999ರ ರೆಡ್ ಬುಕ್ ಅನ್ನೋ ಮಾದರಿ ಕಾಂಟ್ರಾಕ್ಟ್‌ನಲ್ಲಿ ಕಾಂಟ್ರಾಕ್ಟರ್ ಕ್ಲೇಮ್ ನೋಟಿಸ್‌ಗೆ (ಹೆಚ್ಚಿನ ದುಡ್ಡು ಅಥವಾ ಸಮಯ ಕೇಳೋ ನೋಟಿಸ್) 28 ದಿನ ಇದೆ, ಅದು ದಾಟಿದ್ರೆ ಹಕ್ಕೇ ಹೋಗುತ್ತೆ. ಸಣ್ಣ ಕೆಲಸಕ್ಕೆ 7 ದಿನ ಸಾಕು ಅನ್ಸುತ್ತೆ ನಂಗೆ. ವಾಟ್ಸಾಪ್ ಮೆಸೇಜ್ ನೋಟಿಸ್ ಅಂತ ಲೆಕ್ಕಕ್ಕೆ ಬರುತ್ತಾ ಇಲ್ವಾ ಅನ್ನೋದನ್ನೂ ಅಲ್ಲೇ ಸ್ಪಷ್ಟ ಮಾಡಿಸ್ಕೊಳ್ಳಿ.