ನೆಲ ಒರೆಸಿದ್ದನ್ನು ಎಲ್ಲಿ ಬರೆಯಬೇಕು?

ಕ್ಯಾಲೊರಿ ಲೆಕ್ಕ ಇಡುವ ಆ್ಯಪ್‌ಗಳು ಎತ್ತರ, ತೂಕ, ವಯಸ್ಸು ಕೇಳಿದ ಮೇಲೆ ಇನ್ನೊಂದು ಪ್ರಶ್ನೆ ಕೇಳುತ್ತವೆ: ದಿನವೆಲ್ಲ ನೀವು ಎಷ್ಟು ಓಡಾಡಿಕೊಂಡು ಇರುತ್ತೀರಿ? ನಾನು ಬಳಸುವ ಆ್ಯಪ್ ಉತ್ತರಗಳ ಪಕ್ಕದಲ್ಲಿ ಉದಾಹರಣೆಗಳನ್ನೂ ಕೊಟ್ಟಿತ್ತು. ಮೇಜಿನ ಮುಂದೆ ಕುಳಿತು ಕೆಲಸ ಮಾಡುವವರು, ಶಿಕ್ಷಕರು, ಮನೆಮನೆಗೆ ಅಂಚೆ ಹಂಚುವವರು. ಮನೆ ನಡೆಸುವ ಹೆಂಗಸು ಆ ಪಟ್ಟಿಯಲ್ಲಿ ಎಲ್ಲೂ ಇಲ್ಲ. ಹಾಗಾಗಿ ಬಹಳಷ್ಟು ಗೃಹಿಣಿಯರು ‘ನನಗೆ ನೌಕರಿ ಇಲ್ಲ’ ಎಂದುಕೊಂಡು ಮೊದಲ ಸಾಲನ್ನೇ ಒತ್ತುತ್ತಾರೆ. ಆಮೇಲೆ ಸಂಜೆ ಕುಳಿತು ಕಸ ಗುಡಿಸಿದ್ದು, ನೆಲ ಒರೆಸಿದ್ದು, ಪಾತ್ರೆ ತಿಕ್ಕಿದ್ದು ಎಲ್ಲವನ್ನೂ ವ್ಯಾಯಾಮದ ಅಂಕಣದಲ್ಲಿ ತುಂಬುತ್ತಾರೆ. ಇನ್ನು ಕೆಲವರು ಎರಡನೆಯ ಸಾಲನ್ನು ಒತ್ತಿಯೂ ಮತ್ತೆ ಅದೇ ಕೆಲಸಗಳನ್ನು ಬರೆಯುತ್ತಾರೆ. ಲೆಕ್ಕ ಕೆಡುವುದು ಇಲ್ಲಿ.

ರಕ್ತದಲ್ಲಿ ಸಕ್ಕರೆ ಗಡಿಯ ಹತ್ತಿರ ಬಂದಿದೆ, ಐದಾರು ಕಿಲೊ ಇಳಿಸಿಕೊಳ್ಳಿ ಎಂದು ವೈದ್ಯರು ಹೇಳಿದ ಮೇಲೆ ನಾನು ಈ ಲೆಕ್ಕಕ್ಕೆ ಇಳಿದೆ. ಆಗ ನನ್ನ ತೂಕ 70 ಕಿಲೊ, ಎತ್ತರ 156 ಸೆಂಟಿಮೀಟರ್, ವಯಸ್ಸು 43. ಕಲಬುರಗಿಯಲ್ಲಿ ನಮ್ಮದು ಹಳೆಯ ಮನೆ. ಉದ್ದನೆಯ ಪಡಸಾಲೆಗೆಲ್ಲ ಶಹಾಬಾದಿನ ಫರಸಿ ಹಾಸಿದೆ. ಕಲ್ಲುಗಳ ಸಂದಿಯಲ್ಲಿ ಧೂಳು ಕೂರುವುದರಿಂದ ದಿನಾ ಗುಡಿಸಿ ಒರೆಸದೆ ವಿಧಿಯಿಲ್ಲ. ಇದು ಶ್ರಮವೇ ಅಲ್ಲ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವವಳಲ್ಲ. 2019ರಲ್ಲಿ ಕೇಂದ್ರ ಸರ್ಕಾರ ನಡೆಸಿದ ಸಮಯ ಬಳಕೆಯ ಸಮೀಕ್ಷೆಯಲ್ಲಿ, ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷಗಳನ್ನು ಸಂಬಳವಿಲ್ಲದ ಮನೆಗೆಲಸಕ್ಕೆ ಕೊಡುತ್ತಾರೆ ಎಂದು ಕಂಡುಬಂತು. ಮನೆಗೆಲಸ ಮಾಡುವ ಗಂಡಸರು ಕೊಡುತ್ತಿದ್ದುದು 97 ನಿಮಿಷ. ಹೆಚ್ಚುಕಡಿಮೆ ಐದು ತಾಸಿನ ಕೆಲಸಕ್ಕೆ ಲೆಕ್ಕದಲ್ಲಿ ಜಾಗ ಇರಲೇಬೇಕು. ಆದರೆ ಆ ಜಾಗ ಒಂದೇ ಆಗಿರಬೇಕು.

ನಾನು ಮಾಡಿದ ಲೆಕ್ಕವನ್ನು ಬಿಡಿಸಿ ಹೇಳುತ್ತೇನೆ. ಸುಮ್ಮನೆ ಮಲಗಿದ್ದರೂ ದೇಹಕ್ಕೆ ಬೇಕಾಗುವ ಶಕ್ತಿಯನ್ನು ಅಂದಾಜು ಮಾಡಲು 1990ರಲ್ಲಿ ಪ್ರಕಟವಾದ ಮಿಫ್ಲಿನ್–ಸೇಂಟ್ ಜಿಯೋರ್ ಸೂತ್ರ ಇದೆ. ಹೆಂಗಸರಿಗಾದರೆ ತೂಕವನ್ನು 10ರಿಂದ, ಎತ್ತರವನ್ನು 6.25ರಿಂದ ಗುಣಿಸಿ ಕೂಡಿಸಬೇಕು. ಅದರಲ್ಲಿ ವಯಸ್ಸಿನ ಐದು ಪಟ್ಟನ್ನೂ 161ನ್ನೂ ಕಳೆಯಬೇಕು. ನನಗೆ ಬಂದದ್ದು ದಿನಕ್ಕೆ ಸುಮಾರು 1300 ಕ್ಯಾಲೊರಿ. ಆ್ಯಪ್‌ನ ಪ್ರಶ್ನೆಗೆ ಕೊಡುವ ಉತ್ತರ ಕೆಲಸಕ್ಕೆ ಬರುವುದು ಇದಾದ ಮೇಲೆ. ಕುಳಿತೇ ಇರುವವರಿಗೆ ಇದನ್ನು 1.2ರಿಂದ, ಸ್ವಲ್ಪ ಓಡಾಡುವವರಿಗೆ 1.375ರಿಂದ ಗುಣಿಸುತ್ತಾರೆ. ಮೊದಲನೆಯದರಲ್ಲಿ 1560, ಎರಡನೆಯದರಲ್ಲಿ 1790ರ ಆಸುಪಾಸು. ನಡುವಿನ ಅಂತರ ಸುಮಾರು 230 ಕ್ಯಾಲೊರಿ.

ಈ 230ರಲ್ಲಿ ಏನೇನು ಅಡಗಿದೆ ಎಂದು ನೋಡಲು ಇನ್ನೊಂದು ಪಟ್ಟಿ ಬೇಕು. ಅಮೆರಿಕದ ಬಾರ್ಬರಾ ಏನ್ಸ್‌ವರ್ತ್ ಮತ್ತು ಸಂಗಡಿಗರು 1993ರಲ್ಲಿ ಮೊದಲು ಪ್ರಕಟಿಸಿ, 2000, 2011 ಮತ್ತು 2024ರಲ್ಲಿ ಪರಿಷ್ಕರಿಸಿದ ‘ಕಂಪೆಂಡಿಯಂ ಆಫ್ ಫಿಸಿಕಲ್ ಆಕ್ಟಿವಿಟೀಸ್’ ಅದು. ಅದರಲ್ಲಿ ಪ್ರತಿಯೊಂದು ಚಟುವಟಿಕೆಗೂ ‘ಮೆಟ್’ ಎಂಬ ಅಂಕಿ ಇದೆ. ಸುಮ್ಮನೆ ಕುಳಿತಿರುವುದು 1 ಮೆಟ್, ಅಂದರೆ ಒಂದು ಕಿಲೊ ತೂಕಕ್ಕೆ ತಾಸಿಗೆ ಹೆಚ್ಚುಕಡಿಮೆ ಒಂದು ಕ್ಯಾಲೊರಿ. ನಿಂತು ಪಾತ್ರೆ ತೊಳೆಯುವುದಕ್ಕೆ 1.8, ಹಗುರ ಅಡುಗೆಗೆ 2, ಕಸ ಗುಡಿಸುವುದಕ್ಕೆ 3.3, ನೆಲ ಒರೆಸುವುದಕ್ಕೆ 3.5, ಕೈಯಲ್ಲಿ ಬಟ್ಟೆ ಒಗೆಯುವುದಕ್ಕೆ 4 ಎಂದು 2011ರ ಪಟ್ಟಿ ಹೇಳುತ್ತದೆ. ತಾಸಿಗೆ ಐದು ಕಿಲೊಮೀಟರಿನ ಹತ್ತಿರದ ವೇಗದಲ್ಲಿ ನಡೆದರೂ 3.5. ನೆಲ ಒರೆಸುವವಳು ಆ ಹೊತ್ತಿನಲ್ಲಿ ನಡಿಗೆಗೆ ಹೋದವಳಷ್ಟೇ ದುಡಿಯುತ್ತಾಳೆ ಎಂದಾಯಿತು.

ಲೆಕ್ಕ ಹಾಕುವಾಗ ನಾನು ಪ್ರತಿ ಅಂಕಿಯಿಂದಲೂ ಒಂದನ್ನು ಕಳೆದೆ. ಏಕೆಂದರೆ ನೆಲ ಒರೆಸದೆ ಕುಳಿತಿದ್ದರೂ ಆ ಒಂದು ಮೆಟ್ ಖರ್ಚಾಗುತ್ತಿತ್ತು, ಅದು ದಿನದ ಮೊತ್ತದಲ್ಲಿ ಮೊದಲೇ ಸೇರಿದೆ. 70 ಕಿಲೊ ತೂಕಕ್ಕೆ ಅರ್ಧ ತಾಸು ಪಾತ್ರೆ ತೊಳೆದರೆ 28, ಇಪ್ಪತ್ತು ನಿಮಿಷ ಗುಡಿಸಿದರೆ 54, ಅರ್ಧ ತಾಸು ಒರೆಸಿದರೆ 88, ಮುಕ್ಕಾಲು ತಾಸು ಒಲೆಯ ಮುಂದೆ ನಿಂತರೆ 52. ಕೂಡಿಸಿದರೆ 222! ನಾನು ದಿನನಿತ್ಯ ಮಾಡುವ ಕೆಲಸವೆಲ್ಲ 1.2ರಿಂದ 1.375ಕ್ಕೆ ಏರುವ ಆ ಒಂದು ಮೆಟ್ಟಿಲಿನಲ್ಲೇ ತುಂಬಿ ಹೋಗಿತ್ತು. ಆ ಅಂಕಿ ಕಂಡ ದಿನ ನನಗೆ ಬಹಳ ಸಮಾಧಾನವಾಯಿತು, ಗೊಂದಲ ಅಲ್ಲಿಗೆ ಮುಗಿಯಿತು.

ಹಾಗಾಗಿ ‘ಸ್ವಲ್ಪ ಓಡಾಡುವವರು’ ಎಂಬ ಸಾಲನ್ನು ಆರಿಸಿಕೊಂಡು, ದಿನದ ಕೆಲಸವನ್ನು ವ್ಯಾಯಾಮದ ಅಂಕಣಕ್ಕೆ ಒಯ್ಯುವುದಿಲ್ಲ ಎಂದು ನಿರ್ಧರಿಸಿದೆ. ಎರಡೂ ಕಡೆ ಬರೆದರೆ ಏನಾಗುತ್ತದೆ? ಆ್ಯಪ್ ಒಂದು ಮೆಟ್ ಕಳೆಯದೆಯೇ ಇವೇ ನಾಲ್ಕು ಕೆಲಸಕ್ಕೆ 367 ಕ್ಯಾಲೊರಿ ತೋರಿಸಿ, ಅಷ್ಟನ್ನು ಇನ್ನೂ ತಿನ್ನಬಹುದು ಎನ್ನುತ್ತದೆ. ಕೊಬ್ಬು ಒಂದು ಕಿಲೊ ಇಳಿಯಲು ಸುಮಾರು 7700 ಕ್ಯಾಲೊರಿ ಕೊರತೆ ಬೇಕು ಎಂಬುದು ರೂಢಿಯ ಅಂದಾಜು. ದಿನಕ್ಕೆ 340 ಕೊರತೆ ಇಟ್ಟುಕೊಂಡು 1450 ತಿನ್ನುವ ಯೋಜನೆ ನನ್ನದು. 367 ಹೆಚ್ಚಿಗೆ ತಿಂದರೆ ಆ ಕೊರತೆ ಪೂರ್ತಿ ಅಳಿಸಿ ಹೋಗುತ್ತಿತ್ತು. ಎಷ್ಟೋ ಜನ ‘ಇಷ್ಟು ದುಡಿದು, ಅಳೆದು ತಿಂದರೂ ತೂಕ ಅಲ್ಲೇ ಇದೆ’ ಎಂದು ಕಣ್ಣೀರು ಹಾಕುವುದಕ್ಕೆ ಇದು ದೊಡ್ಡ ಕಾರಣ ಎಂದು ನಾನು ನಂಬಿದ್ದೇನೆ. ಅವರು ಸೋಮಾರಿಗಳಲ್ಲ, ಅವರ ಲೆಕ್ಕ ಎರಡು ಸಲ ನಡೆದಿದೆ ಅಷ್ಟೇ.

ವ್ಯಾಯಾಮದ ಅಂಕಣದಲ್ಲಿ ನಾನು ಬರೆಯುವುದು ದಿನದ ಪಾಳಿಗೆ ಸೇರದ ಕೆಲಸಗಳನ್ನು ಮಾತ್ರ. ವಾರಕ್ಕೆ ಎರಡು ಸಲ ಮುಕ್ಕಾಲು ತಾಸು ಕೈಯಲ್ಲಿ ಬಟ್ಟೆ ಒಗೆಯುತ್ತಿದ್ದೆ, ಅದಕ್ಕೆ ತಲಾ 157. ಹಬ್ಬದ ಮುಂಚೆ ಕೌದಿ ಒಗೆಯುವ ದಿನವಾದರೆ ಇನ್ನೂ ಹೆಚ್ಚು. ನೀರು ಕುಡಿದ ಕೌದಿಯನ್ನು ಎತ್ತಿ ಹಿಂಡಿ ಮಾಳಿಗೆಗೆ ಒಯ್ದು ಹರವುವವರಿಗೆ ಅದರ ಭಾರ ಗೊತ್ತು. ನಳದ ನೀರು ಬಂದ ದಿನ ಕೊಡ ಹೊತ್ತು ಮೇಲಿನ ಮನೆಗೆ ಏರುವುದಂತೂ ನನ್ನ ಮನೆಗೆಲಸಗಳಲ್ಲೇ ಅತಿ ಕಠಿಣವಾದದ್ದು. 15 ಲೀಟರಿನ ಕೊಡ ಎಂದರೆ 15 ಕಿಲೊ ಭಾರ. ಅಷ್ಟು ಹೊತ್ತು ಮೆಟ್ಟಿಲು ಏರುವುದಕ್ಕೆ ಪಟ್ಟಿಯಲ್ಲಿ 8 ಮೆಟ್ ಇದೆ. ಆದರೆ ಅಲ್ಲಿಯೂ ನಾನು ಬರೆಯುವುದು ಏರಿದ ನಿಮಿಷಗಳನ್ನು ಮಾತ್ರ. ಕೊಡ ತುಂಬುವವರೆಗೆ ನಳದ ಹತ್ತಿರ ನಿಂತು ಪಕ್ಕದ ಮನೆಯವರ ಜೊತೆ ಮಾತನಾಡಿದ ಹೊತ್ತನ್ನು ಸೇರಿಸುವುದಿಲ್ಲ. ಒಟ್ಟು ಹತ್ತು ನಿಮಿಷ ಏರಿದರೆ 80ರ ಮೇಲೆ ಸ್ವಲ್ಪ.

ಸಮಯದ ವಿಷಯದಲ್ಲಿ ಇಷ್ಟು ಬಿಗಿಯಾಗಿರುವುದು ಅವಶ್ಯ. ನಡಿಗೆಗೆ ಹೋದರೆ ಅರ್ಧ ತಾಸು ಅಂದರೆ ಅರ್ಧ ತಾಸು. ಮನೆಗೆಲಸ ಹಾಗಲ್ಲ. ಒರೆಸುತ್ತಿರುವಾಗ ಹಾಲಿನವನು ಬರುತ್ತಾನೆ, ಕುಕ್ಕರ್ ಕೂಗುತ್ತದೆ, ಅತ್ತೆಯವರು ಮಾತ್ರೆ ಕೇಳುತ್ತಾರೆ. ‘ಒಂದು ತಾಸು ಮನೆ ಸ್ವಚ್ಛ ಮಾಡಿದೆ’ ಎನ್ನುವಾಗ ಕೈ ಆಡಿದ್ದು ಎಷ್ಟು ಹೊತ್ತು ಎಂದು ಮೊಬೈಲ್‌ನಲ್ಲಿ ಅಳೆದು ನೋಡುವುದು ಒಳ್ಳೆಯದು. ಅಳೆಯಲು ಆಗದಿದ್ದರೆ ನಾನು ಅಂದಾಜಿನ ಅರ್ಧವನ್ನೇ ಬರೆಯುತ್ತೇನೆ.

ಜೋಳದ ರೊಟ್ಟಿಯ ಬಗ್ಗೆ ಎಲ್ಲರೂ ಕೇಳುತ್ತಾರೆ. ಹಿಟ್ಟು ನಾದಿ, ಬಡಿದು, ಹಂಚಿಗೆ ಹಾಕಿ, ನೀರು ಸವರಿ ಇಪ್ಪತ್ತು ರೊಟ್ಟಿ ಮಾಡಿದರೆ ಹೆಗಲು ಸೋಲುತ್ತದೆ. ಆದರೂ ಅದಕ್ಕೆ ನಾನು ಹಗುರ ಅಡುಗೆಯ ಅಂಕಿಯನ್ನೇ ಇಟ್ಟುಕೊಂಡಿದ್ದೇನೆ. ದೇಹದ ದೊಡ್ಡ ಸ್ನಾಯುಗಳು ಇರುವುದು ತೊಡೆಯಲ್ಲಿ, ಸೊಂಟದಲ್ಲಿ. ರೊಟ್ಟಿ ಬಡಿಯುವಾಗ ದುಡಿಯುವುದು ತೋಳು, ಮುಂಗೈ. ಸಣ್ಣ ಸ್ನಾಯು ಬೇಗ ದಣಿಯುತ್ತದೆ, ನೋವು ಕೊಡುತ್ತದೆ. ಹಾಗೆಂದು ಇಡೀ ದೇಹ ಸುಡುವ ಶಕ್ತಿ ಅಷ್ಟೇ ಏರುವುದಿಲ್ಲ. ದಣಿವನ್ನು ನೋಡಿ ಕ್ಯಾಲೊರಿ ಬರೆಯಬಾರದು ಎಂಬುದನ್ನು ನಾನು ಒತ್ತಿ ಹೇಳುತ್ತೇನೆ. ಎಳ್ಳ ಅಮಾವಾಸ್ಯೆಗೆ ಹಿಂದಿನ ರಾತ್ರಿಯಿಂದ ಸಜ್ಜೆ ರೊಟ್ಟಿ, ಭಜ್ಜಿ, ಕಡುಬು, ಶೇಂಗಾ ಹೋಳಿಗೆ ಎಂದು ಐದು ತಾಸು ಅಡುಗೆಮನೆಯಲ್ಲಿ ನಿಂತರೂ ನಿಜವಾಗಿ ಹೆಚ್ಚುವರಿಯಾಗಿ ಖರ್ಚಾಗುವುದು 350ರಷ್ಟು. ಹೊಲದಲ್ಲಿ ಚರಗ ಚೆಲ್ಲಿ ಎಲ್ಲರೊಡನೆ ಊಟಕ್ಕೆ ಕುಳಿತ ಮೇಲೆ ಅಷ್ಟು ಒಳಗೆ ಹೋಗಲು ಹೆಚ್ಚು ಹೊತ್ತು ಬೇಕಾಗುವುದಿಲ್ಲ. ಆ ದಿನ ನಾನು ಲೆಕ್ಕವನ್ನೇ ಇಡುವುದಿಲ್ಲ, ಅದು ಬೇರೆ ಮಾತು.

ಬೆವರನ್ನೂ ನಂಬುವಂತಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಆ ಸೆಕೆಯಲ್ಲಿ ಗುಡಿಸಿ ಒರೆಸಿದರೆ ಮೈ ತೊಯ್ಯುತ್ತದೆ, ಎದೆ ಬಡಿತ ಏರುತ್ತದೆ. ದೇಹ ತನ್ನನ್ನು ತಂಪಾಗಿಸಿಕೊಳ್ಳಲು ಚರ್ಮಕ್ಕೆ ರಕ್ತ ಕಳಿಸುವುದರಿಂದ ಹೃದಯ ಜೋರಾಗಿ ಓಡುತ್ತದೆ. ಎದೆ ಬಡಿತ ಎಣಿಸುವ ಕೈಗಡಿಯಾರ ಅದನ್ನೇ ಹೆಚ್ಚಿನ ದುಡಿಮೆ ಎಂದು ತಿಳಿದು ಕ್ಯಾಲೊರಿ ಏರಿಸುತ್ತದೆ. ಸ್ನಾನಕ್ಕೆ ಮೊದಲು ತೂಕದ ಯಂತ್ರದಲ್ಲಿ ಇಳಿದದ್ದು ನೀರು, ಎರಡು ಚೆಂಬು ಮಜ್ಜಿಗೆಗೆ ತಿರುಗಿ ಬರುತ್ತದೆ. ಅದೇ ಗಡಿಯಾರ ರೊಟ್ಟಿ ಬಡಿದದ್ದನ್ನೂ ಪಾತ್ರೆ ತಿಕ್ಕಿದ್ದನ್ನೂ ಹೆಜ್ಜೆಗಳೆಂದು ಎಣಿಸುತ್ತದೆ. ಮನೆಗೆಲಸದ ಹೊತ್ತಿನಲ್ಲಿ ನಾನು ಅದನ್ನು ಬಿಚ್ಚಿಡುತ್ತೇನೆ.

ಇಷ್ಟು ಎಚ್ಚರದಿಂದ ಬರೆದ ಹೆಚ್ಚುವರಿ ಕೆಲಸದ ಕ್ಯಾಲೊರಿಯನ್ನೂ ನಾನು ತಿಂದು ತುಂಬಿಸಿಕೊಳ್ಳುವುದಿಲ್ಲ. ಊಟದ ಕಡೆಯ ಅಂಕಿಗಳು ಎಷ್ಟು ಬೇಗ ಬೆಳೆಯುತ್ತವೆ ಎಂದು ನೋಡಿದರೆ ಕಾರಣ ತಿಳಿಯುತ್ತದೆ. 50 ಗ್ರಾಂ ಹಿಟ್ಟಿನ ಒಂದು ಜೋಳದ ರೊಟ್ಟಿಯಲ್ಲಿ 170ರಷ್ಟು ಕ್ಯಾಲೊರಿ. ಅರ್ಧ ತಾಸು ನೆಲ ಒರೆಸಿದ್ದು ಅರ್ಧ ರೊಟ್ಟಿಗೆ ಸಮ. ಎಣ್ಣೆಗಾಯಿಗೆ ದೊಡ್ಡ ಚಮಚದಲ್ಲಿ ಒಂದು ಚಮಚ ಎಣ್ಣೆ ಹೆಚ್ಚು ಬಿದ್ದರೆ 120. ಶೇಂಗಾ ಹಿಂಡಿ 20 ಗ್ರಾಂ ಬಡಿಸಿಕೊಂಡರೆ ನೂರರ ಮೇಲೆ. ನಾನು ರೊಟ್ಟಿಯನ್ನಾಗಲಿ ತೊಗರಿ ಬೇಳೆಯನ್ನಾಗಲಿ ಕಡಿಮೆ ಮಾಡಲಿಲ್ಲ, ಎಣ್ಣೆಯನ್ನೂ ಶೇಂಗಾವನ್ನೂ ತೂಕ ಹಾಕಿದೆ. ಮನೆಯ ತಕ್ಕಡಿಯಿಂದ ಸಿಕ್ಕ ಪ್ರಯೋಜನ ಯಾವ ಗಡಿಯಾರದಿಂದಲೂ ಸಿಕ್ಕಿಲ್ಲ.

ಕೊನೆಗೆ ತೀರ್ಪು ಕೊಡುವುದು ನಾಲ್ಕು ವಾರಗಳ ತೂಕ. ಹೆಂಗಸರಿಗೆ ಮುಟ್ಟಿನ ಮುಂಚಿನ ದಿನಗಳಲ್ಲಿ ಮೈಯಲ್ಲಿ ನೀರು ನಿಲ್ಲುವುದರಿಂದ ಒಂದು ವಾರದ ಏರಿಳಿತಕ್ಕೆ ಬೆಲೆಯಿಲ್ಲ; ಒಂದು ತಿಂಗಳ ಅದೇ ಘಟ್ಟವನ್ನು ಮುಂದಿನ ತಿಂಗಳ ಅದೇ ಘಟ್ಟದ ಜೊತೆ ಹೋಲಿಸಬೇಕು. ದಿನಕ್ಕೆ ಸರಾಸರಿ 1450 ತಿಂದ ನಾಲ್ಕು ವಾರಗಳಲ್ಲಿ ನನ್ನ ತೂಕ ಒಂದು ಕಿಲೊ ಇಳಿಯಿತು. 7700ನ್ನು 28ರಿಂದ ಭಾಗಿಸಿದರೆ 275. ಅಂದರೆ ನನ್ನ ನಿಜವಾದ ಖರ್ಚು ದಿನಕ್ಕೆ 1725. ಕಾಗದದ ಮೇಲೆ 1790ಕ್ಕೆ ಬಟ್ಟೆ, ನೀರು ಸೇರಿ 1860ರ ಹತ್ತಿರ ಬಂದಿತ್ತು. ಆ 135ರ ವ್ಯತ್ಯಾಸ ಎಲ್ಲಿಂದ ಬಂತು ಎಂದು ಹುಡುಕುತ್ತಾ ಕೂರುವ ಅಗತ್ಯವಿಲ್ಲ. ಸೂತ್ರಗಳು ಸರಾಸರಿ ಮನುಷ್ಯರಿಗೆ ಮಾಡಿದವು, ಊಟದ ಅಳತೆಯಲ್ಲಿ ಚೂರುಪಾರು ತಪ್ಪಿರುತ್ತದೆ, ಕೌದಿ ಒಗೆದ ಮಧ್ಯಾಹ್ನ ಮೈ ತಾನಾಗಿ ಹೆಚ್ಚು ಹೊತ್ತು ಒರಗುತ್ತದೆ. 1725ರಲ್ಲಿ ಗುಡಿಸಿದ್ದು, ಒರೆಸಿದ್ದು, ಕೊಡ ಹೊತ್ತದ್ದು ಎಲ್ಲವೂ ಸೇರಿದೆ. ಅಂದಿನಿಂದ ನನ್ನ ಲೆಕ್ಕಕ್ಕೆ ಅದೇ ಬುನಾದಿ.

ಹಾಗಾದರೆ ಕೆಲಸಗಳನ್ನು ಬರೆದಿಡುವುದೇಕೆ? ಆರೋಗ್ಯಕ್ಕಾಗಿ. ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮ ಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಗಸೂಚಿಯಲ್ಲಿ ಹೇಳಿದೆ, ಮನೆಗೆಲಸವನ್ನೂ ಅದರೊಳಗೆ ಸೇರಿಸಿದೆ. ಮಧ್ಯಮ ಎಂದರೆ 3ರಿಂದ 6 ಮೆಟ್‌ನ ಒಳಗೆ. ಮಾತನಾಡಲು ಆಗಬೇಕು, ಹಾಡಲು ಆಗಬಾರದು. ಒರೆಸುವುದು, ಒಗೆಯುವುದು ಆ ಪರೀಕ್ಷೆಯಲ್ಲಿ ಪಾಸಾಗುತ್ತವೆ. ಪಾತ್ರೆ, ರೊಟ್ಟಿ, ಇಸ್ತ್ರಿ ಪಾಸಾಗುವುದಿಲ್ಲ. 2013ರಲ್ಲಿ ಉತ್ತರ ಐರ್ಲೆಂಡಿನ ನಾಲ್ಕೂವರೆ ಸಾವಿರ ಜನರ ಮಾಹಿತಿಯ ಮೇಲೆ ನಡೆದ ಅಧ್ಯಯನವೊಂದರಲ್ಲಿ, ಮನೆಗೆಲಸದ ನಿಮಿಷಗಳನ್ನು ಹೆಚ್ಚು ಹೇಳಿಕೊಂಡವರು ತೆಳ್ಳಗೇನೂ ಇರಲಿಲ್ಲ, ಬದಲಿಗೆ ಹೆಚ್ಚು ತೂಕದವರಾಗಿದ್ದರು. ಮನೆಗೆಲಸ ದಪ್ಪ ಮಾಡುತ್ತದೆ ಎಂದು ಇದರ ಅರ್ಥವಲ್ಲ. ಹಗುರ ಕೆಲಸವನ್ನು ಭಾರ ಎಂದು ಎಣಿಸಿಕೊಂಡಿರಬಹುದು, ಅದರ ಹೆಸರಿನಲ್ಲಿ ತಿಂದಿರಲೂಬಹುದು. ನನ್ನ ಅನುಭವಕ್ಕೆ ಇದು ಸರಿಹೊಂದುತ್ತದೆ.

ಆಳಂದ ತಾಲ್ಲೂಕಿನ ಹಳ್ಳಿಯಲ್ಲಿರುವ ನಮ್ಮ ವೈನಿಯವರು ಇದನ್ನೆಲ್ಲ ಕೇಳಿ, “ನನ್ನದೂ ಲೆಕ್ಕ ಮಾಡಿ ಕೊಡು ತಂಗಿ” ಎಂದರು. ಅವರ ದಿನವೇ ಬೇರೆ. ಬೆಳಗ್ಗೆ ಸಗಣಿ ಬಾಚಿ, ಎಮ್ಮೆಗೆ ಮೇವು ಹಾಕಿ, ಬುತ್ತಿ ಕಟ್ಟಿಕೊಂಡು ತೊಗರಿ ಹೊಲಕ್ಕೆ ನಡೆಯುತ್ತಾರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಮತ್ತು ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ 55 ಕಿಲೊ ತೂಕದ ಹೆಣ್ಣಿಗೆ ಕುಳಿತ ಕೆಲಸವಾದರೆ 1660, ಮಧ್ಯಮ ಕೆಲಸವಾದರೆ 2130, ಭಾರಿ ಕೆಲಸವಾದರೆ 2720 ಕ್ಯಾಲೊರಿ ಎಂದು ಗೊತ್ತುಪಡಿಸಿದೆ. ನಡುವೆ ಸಾವಿರ ಕ್ಯಾಲೊರಿಯ ಅಂತರ! ನನ್ನ ಸಾಲನ್ನು ಅವರಿಗೆ ಹಚ್ಚಿದ್ದರೆ ಅವರನ್ನು ಉಪವಾಸ ಕೆಡವಿದಂತೆ ಆಗುತ್ತಿತ್ತು. “ವೈನಿ, ನೀವು ಏನನ್ನೂ ಕಡಿಮೆ ಮಾಡುವುದು ಬೇಡ, ಮಧ್ಯಾಹ್ನದ ಬುತ್ತಿಗೆ ಮೊಸರು, ಕಾಳಿನ ಪಲ್ಯ ಹೆಚ್ಚು ಹಾಕಿಕೊಳ್ಳಿ” ಎಂದು ಹೇಳಿ ಕಳಿಸಿದೆ.

ಬುನಾದಿಯೂ ಒಮ್ಮೆ ಹಾಕಿದರೆ ಮುಗಿಯಿತು ಎನ್ನುವಂತಿಲ್ಲ. ನಮ್ಮ ಮನೆಗೆ ಬಟ್ಟೆ ಒಗೆಯುವ ಯಂತ್ರ ಬಂದ ಮೇಲೆ ವಾರಕ್ಕೆ 300 ಕ್ಯಾಲೊರಿಯ ಕೆಲಸ ನನ್ನ ಕೈಬಿಟ್ಟಿತು, ತೂಕವೂ ಕಡಿಮೆಯಾಗಿದ್ದರಿಂದ ಎಲ್ಲ ಅಂಕಿಗಳೂ ಇಳಿದವು. ಹೊಸದಾಗಿ ನಾಲ್ಕು ವಾರ ಅಳೆದು 1725ನ್ನು ತಿದ್ದಿಕೊಂಡೆ. ಒಗೆಯುವುದರಿಂದ ಉಳಿದ ಮುಕ್ಕಾಲು ತಾಸಿನಲ್ಲಿ ಈಗ ಶರಣಬಸವೇಶ್ವರರ ಗುಡಿಯ ಕಡೆಗೆ ಹೋಗಿ ಅಪ್ಪನ ಕೆರೆಯ ಬಳಿ ನಡೆದು ಬರುತ್ತೇನೆ. ಅದನ್ನು ಮಾತ್ರ ವ್ಯಾಯಾಮ ಎಂದೇ ಬರೆಯುತ್ತೇನೆ, ಒಂದು ಮೆಟ್ ಕಳೆದು.