ಪಾಳುಬಿದ್ದ ಕಟ್ಟಡದ ಕಾಲ ಕಂಡುಹಿಡಿಯುವುದು ಹೇಗೆ?

ಊರಾಚೆ ಪಾಳುಬಿದ್ದ ಗುಡಿಯೋ ಮಂಟಪವೋ ಇದ್ದರೆ ಅದನ್ನು ಕಟ್ಟಿಸಿದವರು ಪಾಂಡವರು, ಇಲ್ಲವೇ ಜಕಣಾಚಾರಿ, ಇಲ್ಲವೇ ಟಿಪ್ಪು ಎಂಬ ಮಾತು ಸಿಕ್ಕೇ ಸಿಗುತ್ತದೆ. ಬರೆದಿಟ್ಟುಕೊಳ್ಳಿ, ಕಾಲನಿರ್ಣಯಕ್ಕೆ ಮಾತ್ರ ಬಳಸಬೇಡಿ. ಹಿರಿಯರಿಂದ ಕೇಳಿ ತಿಳಿಯಬೇಕಾದದ್ದು ಸುತ್ತಲಿನ ಹೊಲಗಳ ಹೆಸರು. ಬಸದಿಯ ಕುರುಹೇ ಇಲ್ಲದ ಕಡೆ ‘ಬಸ್ತಿಹೊಲ’ ಎಂಬ ಹೆಸರು ಉಳಿದಿದ್ದರೆ, ಅಲ್ಲಿನ ಬದು ಬೇಲಿಗಳಲ್ಲಿ ಮುಕ್ಕೊಡೆ (ಜೈನರ ಗುರುತಾದ ಮೂರು ಕೊಡೆ) ಕೆತ್ತಿದ ಗಡಿಕಲ್ಲಿಗಾಗಿ ಹುಡುಕಲೇಬೇಕು. ಲಿಂಗಮುದ್ರೆಯ ಕಲ್ಲು ಶೈವ ದತ್ತಿಯ ಗಡಿ, ವಾಮನಮುದ್ರೆಯದು ವೈಷ್ಣವ ದೇವಾಲಯಕ್ಕೋ ಬ್ರಾಹ್ಮಣರಿಗೋ ಬಿಟ್ಟ ಭೂಮಿಯ ಗಡಿ.

ಆಮೇಲೆ ಕಾಗದಪತ್ರ. ಕಟ್ಟಡದ ಪಕ್ಕ ನಿಂತು ದಿಶಾಂಕ್ ಆ್ಯಪ್ ತೆರೆದರೆ ಸರ್ವೆ ನಂಬರ್, ಗ್ರಾಮ, ಹೋಬಳಿ ತಿಳಿಯುತ್ತವೆ. ಅದೇ ಗ್ರಾಮದ ನಕ್ಷೆಯನ್ನು ಭೂದಾಖಲೆ ಇಲಾಖೆಯ ಜಾಲತಾಣದಿಂದ ಇಳಿಸಿಕೊಂಡು ಗುಡಿ, ಬಾವಿ, ಗುಂಡುತೋಪು, ಹಳೆಯ ದಾರಿಗಳ ಗುರುತು ನೋಡಿ. ಎಷ್ಟೋ ಸಲ ಆ್ಯಪ್ ತೋರಿಸುವ ಗ್ರಾಮದಲ್ಲಿ ಒಂದು ಮನೆಯೂ ಇರುವುದಿಲ್ಲ. ಅದು ಬೇಚಿರಾಕ್ ಗ್ರಾಮ: ಜನ ಬಿಟ್ಟುಹೋಗಿದ್ದಾರೆ, ಹೆಸರು ಮಾತ್ರ ಕಂದಾಯದ ಲೆಕ್ಕದಲ್ಲಿ ಉಳಿದಿದೆ. ಈ ಹೆಸರೇ ಮುಂದಿನ ಹುಡುಕಾಟಕ್ಕೆಲ್ಲ ಬೀಗದ ಕೈ. ಶಾಸನ ಸಂಪುಟಗಳು ತಾಲ್ಲೂಕು, ಗ್ರಾಮದ ಹೆಸರಿನ ಮೇಲೆಯೇ ಜೋಡಣೆಯಾಗಿವೆ. ಈಗಿನ ಪಕ್ಕದ ಊರಿನ ಹೆಸರಿನಲ್ಲಷ್ಟೇ ನೋಡಿ ಶಾಸನವಿಲ್ಲ ಎಂದು ಕೈಬಿಟ್ಟವರು ಬಹಳ.

ಹಳೆ ಮೈಸೂರು ಮತ್ತು ಕೊಡಗಿಗೆ ಬಿ.ಎಲ್. ರೈಸ್ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕದ 12 ಸಂಪುಟಗಳೇ ಆಧಾರ. ಅವು ಅಂದಿನ ಜಿಲ್ಲೆಗಳ ಪ್ರಕಾರ ಇವೆ ಎಂಬುದನ್ನು ಮರೆಯಬೇಡಿ. ಚಿಕ್ಕಬಳ್ಳಾಪುರ ಜಿಲ್ಲೆ ಹುಟ್ಟಿದ್ದು 2007ರಲ್ಲಿ, ಹಾಗಾಗಿ ಅಲ್ಲಿನ ಶಾಸನಗಳು 10ನೇ ಸಂಪುಟದ ಕೋಲಾರದಲ್ಲಿವೆ. ಮಾಗಡಿ, ಕನಕಪುರ, ಚನ್ನಪಟ್ಟಣದವು 9ನೇ ಸಂಪುಟದ ಬೆಂಗಳೂರಿನಲ್ಲಿ. ಮೈಸೂರು ವಿಶ್ವವಿದ್ಯಾನಿಲಯದ ಪರಿಷ್ಕೃತ ಆವೃತ್ತಿಯಲ್ಲಿ ಸಂಪುಟಗಳ ಕ್ರಮವೂ ಶಾಸನಗಳ ಸಂಖ್ಯೆಯೂ ಬೇರೆ, ಆದ್ದರಿಂದ ಟಿಪ್ಪಣಿಯಲ್ಲಿ ಯಾವ ಆವೃತ್ತಿ ಎಂದು ಬರೆಯಲೇಬೇಕು. ಮುಂಬಯಿ ಕರ್ನಾಟಕದ ಶಾಸನಗಳಿಗೆ ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್ ಮಾಲೆಯ 11, 15, 18 ಮತ್ತು 20ನೇ ಸಂಪುಟಗಳನ್ನು ನೋಡಿ.

ಅಚ್ಚಾಗದ ಶಾಸನ ಸಿಕ್ಕರೆ ಮೊದಲು ಬೆಳಕನ್ನು ಹೊಂದಿಸಿ. ನಡುಹಗಲಲ್ಲಿ ತೆಗೆದ ಫೋಟೊದಲ್ಲಿ ಸವೆದ ಅಕ್ಷರ ಕಾಣುವುದಿಲ್ಲ. ಸೂರ್ಯ ಮುಳುಗಿದ ಮೇಲೆ ಕ್ಯಾಮೆರಾವನ್ನು ಕಲ್ಲಿಗೆ ನೇರ ಎದುರಾಗಿ ನಿಲ್ಲಿಸಿ, ಟಾರ್ಚನ್ನು ಪಕ್ಕದಿಂದ ಕಲ್ಲಿನ ಮೈ ಸವರುವಂತೆ ಹಿಡಿಯಿರಿ. ಎಡ, ಬಲ, ಮೇಲೆ, ಕೆಳಗೆ, ಹೀಗೆ ನಾಲ್ಕೂ ಕಡೆಯಿಂದ ಬೆಳಕು ಬಿಟ್ಟು ಒಂದೊಂದು ಚಿತ್ರ ತೆಗೆಯಿರಿ. ಒಂದರಲ್ಲಿ ಮಾಯವಾದ ಗೆರೆ ಇನ್ನೊಂದರಲ್ಲಿ ಎದ್ದು ಕಾಣುತ್ತದೆ. ಅಳತೆಪಟ್ಟಿ ಚೌಕಟ್ಟಿನೊಳಗೆ ಇರಲಿ. ಮಣ್ಣಿದ್ದರೆ ಬರೀ ನೀರು ಮತ್ತು ಮೆತ್ತನೆಯ ಬ್ರಷ್ ಸಾಕು. ತಂತಿಬ್ರಷ್, ಆಸಿಡ್, ಎಣ್ಣೆ ಯಾವುದೂ ಬೇಡ. ಸೀಮೆಸುಣ್ಣ ಉಜ್ಜುವುದು ಎಲ್ಲೆಡೆ ಇರುವ ಕೆಟ್ಟ ರೂಢಿ: ಬಿಳಿ ಗೆರೆ ಬೀಳುವುದು ಬರೆದವನ ಊಹೆಯ ಮೇಲೆ, ಮುಂದೆ ಬಂದವರು ಅಕ್ಷರ ಬಿಟ್ಟು ಆ ಊಹೆಯನ್ನೇ ಓದುತ್ತಾರೆ.

ಶಕವರ್ಷಕ್ಕೆ 78 ಕೂಡಿಸಿದರೆ ಕ್ರಿಸ್ತಶಕ. ತಿಥಿ ಪುಷ್ಯದ ನಡುವಿನಿಂದ ಫಾಲ್ಗುಣದೊಳಗೆ ಬಿದ್ದರೆ ಹೆಚ್ಚಾಗಿ 79. ಓದಿದ ಅಂಕಿ ಸರಿಯೇ ಎಂದು ಸಂವತ್ಸರದಿಂದ ಪರೀಕ್ಷಿಸಬಹುದು. ಶಕವರ್ಷಕ್ಕೆ 12 ಸೇರಿಸಿ 60ರಿಂದ ಭಾಗಿಸಿ. ಶೇಷ 1 ಬಂದರೆ ಪ್ರಭವ, 2 ಬಂದರೆ ವಿಭವ, 0 ಬಂದರೆ ಅಕ್ಷಯ. ಬೇಲೂರಿನ ಚೆನ್ನಕೇಶವನ ಪ್ರತಿಷ್ಠೆ ಶಕ 1039ರಲ್ಲಿ. 1039ಕ್ಕೆ 12 ಸೇರಿದರೆ 1051, ಶೇಷ 31, ಅಂದರೆ ಹೇವಿಳಂಬಿ. ಶಾಸನದಲ್ಲಿರುವುದೂ ಅದೇ, ಇಸವಿ 1117. ಒಂದು ವರ್ಷದ ವ್ಯತ್ಯಾಸ ಬಂದರೆ ಗಾಬರಿ ಬೇಡ, ಮುಗಿದ ವರ್ಷದ ಬದಲು ಆಗ ನಡೆಯುತ್ತಿದ್ದ ವರ್ಷವನ್ನು ಎಣಿಸಿರುತ್ತಾರೆ. ಹತ್ತಾರು ವರ್ಷ ತಪ್ಪಿದರೆ ಅಂಕಿಯನ್ನೇ ತಪ್ಪಾಗಿ ಓದಿರುವ ಸಾಧ್ಯತೆ ಹೆಚ್ಚು, ಮತ್ತೆ ಟಾರ್ಚ್ ಹಿಡಿಯಿರಿ.

ಇಷ್ಟಾದರೂ ಸಿಕ್ಕಿದ್ದು ಶಾಸನದ ಕಾಲ, ಗುಡಿಯದಲ್ಲ. ಬಿಡಿಯಾಗಿ ನಿಂತ ಕಲ್ಲನ್ನು ಬೇರೆಡೆಯಿಂದ ತಂದು ನಿಲ್ಲಿಸಿರಬಹುದು. ಅಧಿಷ್ಠಾನದ, ಅಂದರೆ ಗುಡಿಯ ತಳಗಟ್ಟೆಯ, ಪಟ್ಟಿಕೆಯ ಮೇಲೆ ಕೊರೆದ ಬರಹಕ್ಕೆ ಹೆಚ್ಚು ಬೆಲೆ. ಅದರಲ್ಲೂ ಇರುವುದು ಬರೀ ದತ್ತಿಯ ಮಾತಾದರೆ ಗುಡಿ ಆ ವರ್ಷಕ್ಕಿಂತ ಮೊದಲೇ ಇತ್ತು ಎಂದಷ್ಟೇ ಹೇಳಬಹುದು. ವೀರಗಲ್ಲಂತೂ ಆ ವೀರ ಸತ್ತ ಕಾಲಕ್ಕಷ್ಟೇ ಸಾಕ್ಷಿ.

ಹಳೆಯ ಬಂಗಲೆ, ಛತ್ರ, ಶಾಲೆಗಳಲ್ಲಿ ಹಂಚಿನ ಬೆನ್ನು ನೋಡಿ. ಬಾಸೆಲ್ ಮಿಷನ್‌ನವರ ಹಂಚಿನ ಕಾರ್ಖಾನೆ ಮಂಗಳೂರಿನ ಜೆಪ್ಪುವಿನಲ್ಲಿ ಶುರುವಾದದ್ದು 1865ರಲ್ಲಿ. ಹಂಚಿನ ಮೇಲೆಯೇ 1865 ಎಂದು ಇದ್ದರೆ ಅದು ಕಾರ್ಖಾನೆಯ ವರ್ಷ, ನಿಮ್ಮ ಸೂರಿನದಲ್ಲ. ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಮುದ್ರೆಯಿದ್ದರೆ ಹಂಚು ಮೊದಲ ಮಹಾಯುದ್ಧದ ನಂತರದ್ದು, ಯುದ್ಧಕಾಲದಲ್ಲಿ ಮಿಷನ್ನಿನ ಆಸ್ತಿ ಕೈಬದಲಾಯಿತು. ಉಕ್ಕಿನ ತೊಲೆಯಲ್ಲಿ ಟಾಟಾ ಹೆಸರಿದ್ದರೆ 1912ಕ್ಕಿಂತ ಈಚಿನದು. ಆದರೆ ಸೂರು ಬದಲಾಗುತ್ತದೆ, ಗೋಡೆ ಉಳಿಯುತ್ತದೆ. ಆದ್ದರಿಂದ ಗೋಡೆ, ಸೂರು, ನೆಲ ಎಂದು ಮೂರು ಕಾಲಂ ಮಾಡಿ, ಪುರಾವೆಯನ್ನು ಅದು ಸಿಕ್ಕ ಭಾಗದ ಎದುರಿಗೇ ಬರೆಯಿರಿ. ಮದ್ರಾಸ್ ತಾರಸಿಯ (ಮರದ ತೊಲೆಗಳ ಮೇಲೆ ಇಟ್ಟಿಗೆ, ಗಾರೆ ಹಾಕಿದ ಸೂರು) ಮೇಲೆ ಹತ್ತಬೇಡಿ: ಗೋಡೆಯೊಳಗೆ ಸೇರಿದ ತೊಲೆಯ ತುದಿ ಮೊದಲು ಕೊಳೆಯುತ್ತದೆ, ಹೊರಗಿನಿಂದ ಅದು ತಿಳಿಯುವುದಿಲ್ಲ.

ಹೊಸ ಶಾಸನವೋ ಶಿಲ್ಪವೋ ಸಿಕ್ಕರೆ ಫೋಟೊ, ಸರ್ವೆ ನಂಬರ್, ಅಳತೆಗಳೊಂದಿಗೆ ತಹಶೀಲ್ದಾರರಿಗೂ ಮೈಸೂರಿನಲ್ಲಿರುವ ಪುರಾತತ್ವ ಇಲಾಖೆಗೂ ಬರೆದು ಕೊಡಿ, ಸ್ವೀಕೃತಿ ಪಡೆಯಿರಿ. ಕಲ್ಲನ್ನು ಅಲುಗಾಡಿಸಬೇಡಿ. ಮೂರ್ತಿ ಇರುವ ಜಾಗದ ನಿಖರ ಲೊಕೇಶನ್ನನ್ನು ಫೇಸ್‌ಬುಕ್ಕಿಗೆ ಹಾಕಲೇಬೇಡಿ, ಫೋಟೊ ಹಾಕುವುದಾದರೂ ಅದರೊಳಗಿನ ಜಿಪಿಎಸ್ ಮಾಹಿತಿ ಅಳಿಸಿ. ನಿಧಿಗಳ್ಳರು ಗರ್ಭಗುಡಿ ಅಗೆದ ಗುಡಿಗಳು ನಮ್ಮಲ್ಲಿ ಈಗಾಗಲೇ ಬೇಕಾದಷ್ಟಿವೆ.