ವಿಲ್ಲಿಸ್ ಜೀಪಿಗೆ 12 ವೋಲ್ಟ್: ನನ್ನ ಅನುಭವ

ಎರಡನೇ ಮಹಾಯುದ್ಧ ಕಾಲದ ವಿಲ್ಲಿಸ್ ಜೀಪನ್ನು 6 ವೋಲ್ಟಿನಿಂದ 12 ವೋಲ್ಟಿಗೆ ತಂದರೆ ಹಳೆಯ ಸೆಲ್ಫ್ ಮೋಟಾರು ಸುಟ್ಟುಹೋಗುತ್ತದೆ ಎಂದು ಸಕಲೇಶಪುರದ ಕಡೆಯ ಹಿರಿಯ ಮೆಕ್ಯಾನಿಕ್‌ಗಳೂ ಜೀಪು ಸಾಕಿಕೊಂಡಿರುವ ಗೆಳೆಯರೂ ಒಂದೇ ದನಿಯಲ್ಲಿ ಹೇಳಿದ್ದರು. ಅದೇ ಮೋಟಾರು, ಅದೇ ಆರ್ಮೇಚರ್, ಮಳೆಗಾಲಗಳನ್ನು ದಾಟಿ ಇಂದಿಗೂ ನನ್ನ ಜೀಪಿನಲ್ಲಿ ದುಡಿಯುತ್ತಿದೆ.

ಮೊದಲು 6 ವೋಲ್ಟನ್ನೇ ಉಳಿಸಿಕೊಳ್ಳಲು ಏಳೆಂಟು ಸಾವಿರ ರೂಪಾಯಿ ಸುರಿದಿದ್ದೆ. ವೆಲ್ಡಿಂಗ್ ಕೇಬಲ್ ಎಳೆದು, ಎಂಜಿನ್ನಿನಿಂದ ಛಾಸಿಯವರೆಗಿನ ಅರ್ಥಿಂಗನ್ನೆಲ್ಲ ಉಜ್ಜಿ ಕಟ್ಟಿದ ಮೇಲೆ ಸೆಲ್ಫ್ ಚುರುಕಾಯಿತೇ ಹೊರತು ಹೆಡ್‌ಲೈಟಿನ ಮಂಕು ಹೋಗಲಿಲ್ಲ. 45 ವಾಟಿನ ಬಲ್ಬು 6 ವೋಲ್ಟಿನಲ್ಲಿ ಏಳೂವರೆ ಆಂಪಿಯರ್ ಎಳೆಯುತ್ತದೆ. ಹಳೆಯ ಸ್ವಿಚ್ಚು ಮತ್ತು ಜೋಡಣೆಗಳಲ್ಲಿ ಅರ್ಧ ವೋಲ್ಟ್ ಸೋರಿದರೆ ನೂರಕ್ಕೆ ಎಂಟರಷ್ಟು ಒತ್ತಡ ಹೋಗಿ, ಬೆಳಕು ಹೆಚ್ಚುಕಡಿಮೆ ಕಾಲುಭಾಗ ಕುಗ್ಗುತ್ತದೆ. 12 ವೋಲ್ಟಿನಲ್ಲಿ ಅಷ್ಟೇ ವಾಟಿಗೆ ಆಂಪಿಯರ್ ಅರ್ಧವಾಗುವುದರಿಂದ ಅದೇ ತಂತಿಯಲ್ಲಿ ಸೋರುವುದು ಕಾಲು ವೋಲ್ಟ್, ಅಂದರೆ ನೂರಕ್ಕೆ ಎರಡು. 1953ರಲ್ಲಿ ಕ್ಯಾಡಿಲಾಕ್ ಮತ್ತು ಓಲ್ಡ್ಸ್‌ಮೊಬೈಲ್, 1955ರಲ್ಲಿ ಷೆವ್ರೊಲೆ, 1956ರಲ್ಲಿ ಫೋರ್ಡ್ 12 ವೋಲ್ಟಿಗೆ ಹೋದದ್ದರ ಹಿಂದೆ ಇದೇ ಲೆಕ್ಕವಿತ್ತು: ಹೆಚ್ಚು ಕಂಪ್ರೆಷನ್ನಿನ ವಿ-8 ಎಂಜಿನ್ನುಗಳನ್ನು ತಿರುಗಿಸಲು ಮತ್ತು ಅವುಗಳ ಪ್ಲಗ್ಗುಗಳಿಗೆ ಬಲವಾದ ಕಿಡಿ ಕೊಡಲು 6 ವೋಲ್ಟ್ ಸಾಲದೆ ಬಂದಿತ್ತು.

ನಡುವೆ, ಗಾಲ್ಫ್ ಗಾಡಿಯ 8 ವೋಲ್ಟ್ ಬ್ಯಾಟರಿಯನ್ನೂ ಪರೀಕ್ಷಿಸಿದೆ. ಎಂಜಿನ್ ಚೆನ್ನಾಗಿ ಎದ್ದಿತು. ಆದರೆ ಅದನ್ನು ಚಾರ್ಜ್ ಮಾಡಲು ರೆಗ್ಯುಲೇಟರಿನ ವೋಲ್ಟನ್ನು ಏರಿಸಬೇಕಾಗಿ, 6 ವೋಲ್ಟಿನ ಬಲ್ಬುಗಳು ಒಂದರ ಹಿಂದೊಂದು ಹೋದವು.

ಕೊನೆಗೆ ಗುಜರಿಯಿಂದ ಬ್ಯಾಟರಿಯನ್ನು ಚಾರ್ಜ್ ಮಾಡುವ ಮಾರುತಿ 800ರ 12 ವೋಲ್ಟಿನ ಆಲ್ಟರ್ನೇಟರನ್ನು ಎರಡು ಸಾವಿರ ಚಿಲ್ಲರೆಗೆ ತಂದೆ. ಲೇತಿನವರ ಕೆಲಸಕ್ಕೆ ಸಾವಿರದೈನೂರು, ಬ್ಯಾಟರಿಗೆ ನಾಲ್ಕೂವರೆ ಸಾವಿರ, ಕಾಯಿಲ್ ಮತ್ತು ಬಲ್ಬುಗಳೂ ಸೇರಿ ಒಟ್ಟು ಹನ್ನೊಂದು ಸಾವಿರದ ಆಸುಪಾಸಿನಲ್ಲಿ ಕೆಲಸ ಮುಗಿಯಿತು. ಜೀಪಿನ ಅಗಲವಾದ ಬೆಲ್ಟಿಗೆ ಮಾರುತಿಯ ಪುಲ್ಲಿ ಹೊಂದುವುದಿಲ್ಲ. ಇದನ್ನು ನಾನು ಸರಿಪಡಿಸಿದ ರೀತಿಯನ್ನೂ ಬ್ರಾಕೆಟ್ಟಿನ ಅಳತೆಯನ್ನೂ ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

6 ವೋಲ್ಟಿಗೆಂದೇ ಮಾಡಿದ ಪೆಟ್ರೋಲ್ ಗೇಜು ಹೆಚ್ಚು ಕಾಡಿತು. ಸಾಲಿನಲ್ಲಿ ಹಾಕಿದ ರೆಸಿಸ್ಟರ್ ಬಿಸಿಯಾಗುತ್ತಿದ್ದುದಲ್ಲದೆ, ಗೇಜು ಎಳೆಯುವ ಕರೆಂಟು ಟ್ಯಾಂಕಿನ ಮಟ್ಟದೊಂದಿಗೆ ಬದಲಾಗುವುದರಿಂದ ಮುಳ್ಳು ಸುಳ್ಳು ಹೇಳುತ್ತಿತ್ತು. ಹೀಟ್‌ಸಿಂಕ್ ಕಟ್ಟಿದ, ಸದಾ 6 ವೋಲ್ಟನ್ನೇ ಕೊಡುವ 7806 ರೆಗ್ಯುಲೇಟರ್ ಚಿಪ್ಪು ಹಾಕಿದ ಮೇಲೆ ಅದು ಹಾದಿಗೆ ಬಂದಿತು. ಆಂಪಿಯರ್ ಮೀಟರಿಗೆ ಏನನ್ನೂ ಮಾಡಬೇಕಾಗಿಲ್ಲ.

ಸೆಲ್ಫ್ ವಿಚಾರದಲ್ಲಿ ಹಿರಿಯರ ಅಂಜಿಕೆಗೆ ಆಧಾರವಿಲ್ಲವೆಂದಲ್ಲ. 12 ವೋಲ್ಟಿನಲ್ಲಿ ಬೆಂಡಿಕ್ಸ್ (ಸೆಲ್ಫ್ ಮೋಟಾರನ್ನು ಎಂಜಿನ್ನಿಗೆ ಜೋಡಿಸುವ ಹಲ್ಲುಚಕ್ರ) ಫ್ಲೈವೀಲಿನ ಹಲ್ಲುಗಳಿಗೆ ಬಲವಾಗಿ ಬಡಿಯುತ್ತದೆ, ಒಂದೇ ಸಮನೆ ತಿರುಗಿಸಿದರೆ ಮೋಟಾರು ಖಂಡಿತ ಬಿಸಿಯಾಗುತ್ತದೆ. ಆದುದರಿಂದ ಟೈಮಿಂಗ್, ಪಾಯಿಂಟ್ ಮತ್ತು ಕಾರ್ಬುರೇಟರನ್ನು ಮೊದಲು ಸರಿಮಾಡಿಕೊಂಡು, ಐದು ಸೆಕೆಂಡಿನೊಳಗೆ ಎಂಜಿನ್ ಏಳದಿದ್ದರೆ ಸೆಲ್ಫಿನ ಕಾಲು-ಸ್ವಿಚ್ಚಿನಿಂದ ಕಾಲು ತೆಗೆದು, ಮೋಟಾರು ಪೂರ್ತಿ ನಿಂತ ಮೇಲೆಯೇ ಮತ್ತೆ ಒತ್ತಬೇಕು.